ಫುಟ್‌ಬಾಲ್ ಆಡುವ ಮಗ ಸರ್ಜನ್ ಆಗಬೇಕು ಅನ್ನುತ್ತಾನೆ, ತಡೆಯಬೇಕಾ?

ಪ್ರಶ್ನೆ: ಡಾಕ್ಟ್ರೇ, ನಾವು ದಾವಣಗೆರೆ ಕಡೆಯವರು, ಈಗ ಇರುವುದು ಟೆಕ್ಸಾಸ್‌ನಲ್ಲಿ. ಮಗನಿಗೆ 17 ವರ್ಷ, ಹೈಸ್ಕೂಲಿನ ಕೊನೇ ವರ್ಷ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸೇಫ್ಟಿ ಆಗಿ, ಅಂದರೆ ಹಿಂದೆ ನಿಂತು ಎದುರಾಳಿಯನ್ನು ತಡೆಯುವ ಜಾಗದಲ್ಲಿ, ಆಡುತ್ತಾನೆ. ಓದಿನಲ್ಲೂ ಮುಂದಿದ್ದಾನೆ. ಎರಡು ಡಿವಿಷನ್ ಥ್ರೀ (ಕಾಲೇಜು ಆಟದ ಮೂರನೇ ದರ್ಜೆ) ಕಾಲೇಜುಗಳ ಕೋಚ್‌ಗಳು ಕರೆಯುತ್ತಿದ್ದಾರೆ. ಮೊದಲ ದರ್ಜೆಯ, ಅಂದರೆ ಡಿವಿಷನ್ ಒನ್‌ನ, ಒಂದು ದೊಡ್ಡ ಯೂನಿವರ್ಸಿಟಿ ಸ್ಕಾಲರ್‌ಶಿಪ್ ಇಲ್ಲದೆ ವಾಕ್-ಆನ್ ಆಗಿ ಬಾ ಅಂದಿದೆ. ಅವನಿಗೆ ಕಾಲೇಜಿನಲ್ಲೂ ಆಡಬೇಕು, ಆಮೇಲೆ ಸರ್ಜನ್ ಆಗಬೇಕು. ಮೈರನ್ ರೋಲ್ ಅನ್ನುವ ಆಟಗಾರ ನ್ಯೂರೋಸರ್ಜನ್ ಆಗಿದ್ದನ್ನು ಓದಿ ದಿನಾ ಅದನ್ನೇ ಹೇಳುತ್ತಾನೆ. ಹೋದ ವರ್ಷ ತಲೆಗೆ ಏಟು ಬಿದ್ದು ಕನ್ಕಶನ್ (ಮೆದುಳು ಅಲುಗಿ ಆಗುವ ಪೆಟ್ಟು) ಆಗಿತ್ತು. ಸ್ಕ್ಯಾನ್ ನಾರ್ಮಲ್ ಬಂತು. ಮೊನ್ನೆ ಪ್ರಾಕ್ಟೀಸ್‌ನಲ್ಲಿ ಎಡಗೈ ಉಂಗುರ ಬೆರಳು ಉಳುಕಿತು, ತುದಿ ಇನ್ನೂ ಮಡಚಲು ಬರುತ್ತಿಲ್ಲ. ಅವನ ಅಪ್ಪ ಆಟ ಪೂರ್ತಿ ಬಿಡಿಸಬೇಕು ಅನ್ನುತ್ತಾರೆ. ಮೆದುಳಿಗೂ ಕೈಗೂ ಪೆಟ್ಟಾದವನು ಸರ್ಜನ್ ಆಗುತ್ತಾನಾ? ಆಟಕ್ಕೆ ನಾಲ್ಕು ವರ್ಷ ಕೊಟ್ಟರೆ ಮೆಡಿಕಲ್ ಸೀಟು ಕೈತಪ್ಪುವುದಿಲ್ಲವಾ?

ಉತ್ತರ: ಮೊದಲು ಬೆರಳಿನ ವಿಷಯ ಹೇಳಿಬಿಡುತ್ತೇನೆ. ನೀವು ಅದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಉಳಿದ ಪ್ರಶ್ನೆಗಳೆಲ್ಲ ತಿಂಗಳುಗಟ್ಟಲೆ ಕಾಯುತ್ತವೆ, ಇದು ಕಾಯುವುದಿಲ್ಲ. ಅದಕ್ಕೇ ನಿಮ್ಮ ಪತ್ರ ಓದಿದ ದಿನವೇ ಬೇರೆಯಾಗಿ ಉತ್ತರ ಕಳಿಸಿದೆ. ಬೇರೆ ಅಪ್ಪ ಅಮ್ಮಂದಿರಿಗೂ ಗೊತ್ತಿರಲಿ ಎಂದು ಇಲ್ಲೂ ಬರೆಯುತ್ತಿದ್ದೇನೆ.

ಎದುರಾಳಿಯ ಜರ್ಸಿ ಹಿಡಿದು ಎಳೆಯುವಾಗ ಅವನು ಬಿಡಿಸಿಕೊಂಡು ಓಡಿದರೆ, ಮಡಚಿದ್ದ ಬೆರಳು ಒಮ್ಮೆಲೇ ನೆಟ್ಟಗಾಗುತ್ತದೆ. ಆ ಜೋರಿಗೆ ಬೆರಳ ತುದಿಯನ್ನು ಮಡಚುವ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಮೂಳೆಯಿಂದ ಕಿತ್ತು ಬರಬಹುದು. ನಾವು ಮೂಳೆ ಡಾಕ್ಟರುಗಳು ಇದನ್ನು ಜರ್ಸಿ ಫಿಂಗರ್ ಎಂದೇ ಕರೆಯುತ್ತೇವೆ. ಜಾಸ್ತಿ ಆಗುವುದು ಉಂಗುರ ಬೆರಳಿಗೇ. ಮೂಳೆ ಮುರಿಯದೇ ಇರಬಹುದು, ಹಾಗಾಗಿ ಎಕ್ಸ್‌ರೇ ನೋಡಿ 'ಏನೂ ಆಗಿಲ್ಲ' ಎಂದು ಮನೆಗೆ ಕಳಿಸುವುದೂ ಉಂಟು. ಊತ ಇಳಿಯುತ್ತದೆ. ನೋವು ಕಡಿಮೆಯಾಗುತ್ತದೆ. ಹುಡುಗ ಟೇಪ್ ಸುತ್ತಿಕೊಂಡು ಮತ್ತೆ ಮೈದಾನಕ್ಕೆ ಇಳಿಯುತ್ತಾನೆ. ಅಷ್ಟರಲ್ಲಿ ಕಿತ್ತ ಟೆಂಡನ್ ಅಂಗೈ ಕಡೆಗೆ ಹಿಂದೆ ಸರಿದು, ರಕ್ತ ಸಿಗದೆ ಕುಗ್ಗುತ್ತಾ ಹೋಗುತ್ತದೆ. ಏಳರಿಂದ ಹತ್ತು ದಿನದ ಒಳಗೆ ಆಪರೇಷನ್ ಮಾಡಿ ಜೋಡಿಸಿದರೆ ಫಲ ಚೆನ್ನಾಗಿರುತ್ತದೆ. ತಡವಾದಷ್ಟೂ ಕಷ್ಟ.

ಮನೆಯಲ್ಲೇ ನೋಡಬಹುದು. ಬೆರಳಿನ ನಡುಗಂಟನ್ನು ನೆಟ್ಟಗೆ ಹಿಡಿದು, ತುದಿಯನ್ನು ಮಾತ್ರ ಮಡಚು ಎಂದು ಹೇಳಿ. ಮಡಚಲು ಬರದಿದ್ದರೆ ಹ್ಯಾಂಡ್ ಸರ್ಜನ್‌ಗೆ ತೋರಿಸಬೇಕು, ಅದೂ ಆ ವಾರವೇ. ಹೆಬ್ಬೆರಳ ಬುಡದಲ್ಲಿ ಮಣಿಕಟ್ಟು ನೋಯುತ್ತಿದ್ದರೂ ಇಷ್ಟೇ ಎಚ್ಚರ ಬೇಕು. ಅಲ್ಲಿ ಸ್ಕಾಫಾಯ್ಡ್ ಎಂಬ ಸಣ್ಣ ಮೂಳೆ ಇದೆ. ಅದು ಮುರಿದರೆ ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ರಕ್ತ ಕಡಿಮೆ ಹರಿಯುವ ಮೂಳೆ, ಬಿಟ್ಟರೆ ಕೂಡಿಕೊಳ್ಳದೇ ಹೋಗಬಹುದು.

ಸರಿ, ಬೆರಳಿಗೆ ಪೆಟ್ಟಾದವನು ಸರ್ಜನ್ ಆಗಬಹುದಾ? ಖಂಡಿತ ಆಗಬಹುದು. ಒಂದು ಬೆರಳ ತುದಿ ಸ್ವಲ್ಪ ಬಿಗಿಯಾಗಿರುವ ಸರ್ಜನ್‌ಗಳು ನನ್ನ ಜೊತೆ ಕೆಲಸ ಮಾಡಿದ್ದಾರೆ, ಚೆನ್ನಾಗಿಯೇ ಮಾಡಿದ್ದಾರೆ. ಸರ್ಜನ್ ಅಂದರೆ ಕಲ್ಲಿನಂತೆ ಅಲುಗದ ಕೈ ಇರಬೇಕು ಎಂದು ಜನ ನಂಬಿದ್ದಾರೆ. ಎಲ್ಲರ ಕೈಯಲ್ಲೂ ಸಣ್ಣ ನಡುಕ ಇದ್ದೇ ಇರುತ್ತದೆ. ಮಣಿಕಟ್ಟನ್ನು ಊರಿ, ಮೊಣಕೈಯನ್ನು ಮೈಗೆ ಒತ್ತಿಕೊಂಡು ಅದನ್ನು ಹಿಡಿತಕ್ಕೆ ತರುವುದನ್ನು ನಾವು ರೆಸಿಡೆಂಟ್‌ಗಳಿಗೆ, ಅಂದರೆ ತರಬೇತಿಯಲ್ಲಿರುವ ಡಾಕ್ಟರುಗಳಿಗೆ, ಕಲಿಸುತ್ತೇವೆ. ಎಲ್ಲಿ ಕೊಯ್ಯಬೇಕು, ಎಲ್ಲಿ ನಿಲ್ಲಿಸಬೇಕು, ಯಾರಿಗೆ ಆಪರೇಷನ್ ಬೇಡ ಎಂದು ತೀರ್ಮಾನಿಸುವುದು ಕೈಕೆಲಸಕ್ಕಿಂತ ದೊಡ್ಡ ಭಾಗ. ಬೆರಳಿಗೆ ಪೆಟ್ಟಾಯಿತು ಎಂದು ಅವನ ಕನಸು ಮುರಿಯುವುದಿಲ್ಲ. ಸಮಯಕ್ಕೆ ಚಿಕಿತ್ಸೆ ಸಿಗದಿದ್ದರೆ ಕಷ್ಟ.

ಈಗ ಮೈರನ್ ರೋಲ್ ಕಥೆಗೆ ಬರೋಣ. ನಿಮ್ಮ ಮಗ ಓದಿದ್ದು ನಿಜ. ಆದರೆ ಆ ಬದುಕಿನ ಪೂರ್ತಿ ವಿವರವನ್ನು ಅವನು ಒಮ್ಮೆ ನಿಧಾನವಾಗಿ ನೋಡಬೇಕು.

ರೋಲ್ ಅವರ ಮನೆಯವರು ಬಹಾಮಾಸ್‌ನಿಂದ ಬಂದವರು. ಅವರು ಹುಟ್ಟಿದ್ದು 1986ರಲ್ಲಿ ಹ್ಯೂಸ್ಟನ್‌ನಲ್ಲಿ, ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಹೈಸ್ಕೂಲ್ ಮುಗಿಸುವಾಗ ಇಡೀ ದೇಶದ ಅತ್ಯುತ್ತಮ ಆಟಗಾರರ ಸಾಲಿನಲ್ಲಿದ್ದರು. ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಗೆ ಸೇರಿ, ನಿಮ್ಮ ಮಗನಂತೆಯೇ ಸೇಫ್ಟಿ ಆಗಿ ಆಡಿದರು. ನಾಲ್ಕು ವರ್ಷದ ಡಿಗ್ರಿಯನ್ನು ಎರಡೂವರೆ ವರ್ಷದಲ್ಲಿ ಮುಗಿಸಿದರು. 2008ರ ನವೆಂಬರ್ 22ರಂದು ಅಲಬಾಮಾದ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಓದಲು ಕೊಡುವ ರೋಡ್ಸ್ ಸ್ಕಾಲರ್‌ಶಿಪ್‌ನ ಸಂದರ್ಶನ, ಅದೇ ದಿನ ಮೇರಿಲ್ಯಾಂಡ್‌ನಲ್ಲಿ ಪಂದ್ಯ. ಸಂದರ್ಶನದಲ್ಲಿ ಗೆದ್ದು, ವಿಶೇಷ ವಿಮಾನದಲ್ಲಿ ಹಾರಿ, ಪಂದ್ಯ ಶುರುವಾದ ಮೇಲೆ ಮೈದಾನ ತಲುಪಿ ಆಡಿದರು. ಪತ್ರಿಕೆಗಳಿಗೆ ಇಷ್ಟವಾದದ್ದು ಈ ಒಂದು ದಿನ. ನಿಮ್ಮ ಮಗನ ಮನಸ್ಸಿನಲ್ಲಿರುವುದೂ ಬಹುಶಃ ಇದೇ.

ನನಗೆ ಮುಖ್ಯ ಅನಿಸುವುದು ಆಮೇಲಿನದ್ದು. 2009ರ ಸೀಸನ್ ಪೂರ್ತಿ ಅವರು ಆಡಲಿಲ್ಲ. ಆಕ್ಸ್‌ಫರ್ಡ್‌ಗೆ ಹೋಗಿ ಮೆಡಿಕಲ್ ಆಂತ್ರೊಪಾಲಜಿ ಓದಿದರು. ಅದಕ್ಕೆ ಬೆಲೆ ತೆರಬೇಕಾಯಿತು. ವೃತ್ತಿ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಹೊಸ ಆಟಗಾರರನ್ನು ಸುತ್ತು ಸುತ್ತಾಗಿ ಆರಿಸಿಕೊಳ್ಳುವುದನ್ನು ಡ್ರಾಫ್ಟ್ ಎನ್ನುತ್ತಾರೆ. ಅದಕ್ಕೆ ಮುಂಚೆ ಒಂದು ತಂಡದವರು, ಜೊತೆಗಾರರನ್ನು ಬಿಟ್ಟು ಹೋದಿಯಲ್ಲ, ಹೇಗನಿಸಿತು ಎಂದು ಕೇಳಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಮೊದಲ ಸುತ್ತುಗಳಲ್ಲಿ ಆಯ್ಕೆಯಾಗಬಹುದು ಎಂದು ಮಾತಾಗಿತ್ತು. 2010ರಲ್ಲಿ ಟೆನ್ನೆಸ್ಸೀ ಟೈಟನ್ಸ್ ತಂಡ ಆರನೇ ಸುತ್ತಿನಲ್ಲಿ, 207ನೇ ಹೆಸರಾಗಿ ತೆಗೆದುಕೊಂಡಿತು. ಎನ್‌ಎಫ್‌ಎಲ್‌ನ ಒಂದೇ ಒಂದು ಲೀಗ್ ಪಂದ್ಯವನ್ನೂ ಅವರು ಆಡಲಿಲ್ಲ. 2012ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಕೂಡ ಬಿಟ್ಟುಕೊಟ್ಟಿತು. 2013ರಲ್ಲಿ ತಮ್ಮ ಹಳೇ ಯೂನಿವರ್ಸಿಟಿಯ ಮೆಡಿಕಲ್ ಕಾಲೇಜು ಸೇರಿ 2017ರಲ್ಲಿ ಡಾಕ್ಟರ್ ಆದರು. ಆಮೇಲೆ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನ್ಯೂರೋಸರ್ಜರಿ ರೆಸಿಡೆನ್ಸಿ. ಅದು ಏಳು ವರ್ಷದ ತರಬೇತಿ.

ಗಮನಿಸಿ, ಅವರು ಎರಡನ್ನೂ ಒಂದೇ ಹೊತ್ತಿಗೆ ಪೂರ್ತಿ ಹಿಡಿದುಕೊಳ್ಳಲಿಲ್ಲ. ಓದು ಕರೆದಾಗ ಆಟ ಬಿಟ್ಟರು. ಆಟ ಮುಗಿದ ಮೇಲೆ ಮೆಡಿಕಲ್ ಸೇರಿದರು. ಸ್ಟೆಥಸ್ಕೋಪ್ ಹಿಡಿದಾಗ ವಯಸ್ಸು 26. ನಿಮ್ಮ ಮಗ ಅವರಿಂದ ಕಲಿಯಬೇಕಾದದ್ದು ಏನಾದರೂ ಇದ್ದರೆ, ಯಾವುದನ್ನು ಯಾವಾಗ ಬಿಡಬೇಕು ಎಂಬುದು.

ಹಿಂದೆ ಎರಡನ್ನೂ ಒಟ್ಟಿಗೆ ಮಾಡಿದವರೂ ಇದ್ದರು. ಡ್ಯಾನ್ ಫೋರ್ಟ್‌ಮನ್ ಎಂಬವರು ಕೋಲ್ಗೇಟ್ ಕಾಲೇಜಿನಲ್ಲಿ ಆಡಿ, 1936ರಲ್ಲಿ ಶಿಕಾಗೊ ಬೇರ್ಸ್ ಸೇರಿದರು. ವೃತ್ತಿ ಆಟಗಾರರಾಗಿದ್ದುಕೊಂಡೇ ಶಿಕಾಗೊ ಯೂನಿವರ್ಸಿಟಿಯಲ್ಲಿ ಮೆಡಿಕಲ್ ಓದಿ ಸರ್ಜನ್ ಆದರು. 1950ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂದ ಬಿಲ್ ಮಕಾಲ್ ಕೂಡ ಅದೇ ತಂಡ, ಅದೇ ದಾರಿ. ಮೂಳೆ ಸರ್ಜನ್ ಆಗಿ, ಆಮೇಲೆ ಕೊರಿಯಾಗೆ ಹೋಗಿ ಕುಷ್ಠರೋಗಿಗಳಿಗೆ ಆಪರೇಷನ್ ಮಾಡಿದವರು. ಆಗಿನ ಸೀಸನ್ ಚಿಕ್ಕದು, ಉಳಿದ ತಿಂಗಳು ಆಟಗಾರರು ಬೇರೆ ಕೆಲಸ ಮಾಡುತ್ತಿದ್ದರು. ಈಗ ಆಟ ವರ್ಷವಿಡೀ ನಡೆಯುತ್ತದೆ, ಆ ದಾರಿ ಮುಚ್ಚಿದಂತೆಯೇ. ಮಾರ್ಕ್ ಆಡಿಕ್ಸ್ ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ. ಬೇಲರ್ ಯೂನಿವರ್ಸಿಟಿಯಿಂದ ಬಂದು, ವಾಷಿಂಗ್ಟನ್ ತಂಡದಲ್ಲಿ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದು, ಆಟ ನಿಲ್ಲಿಸಿದ ಮೇಲೆ ಹಾರ್ವರ್ಡ್‌ನಲ್ಲಿ ಮೆಡಿಕಲ್ ಓದಿದರು. ಮೂವತ್ತು ದಾಟಿದ ಮೇಲೆ ಶುರುಮಾಡಿ ಮೂಳೆ ಸರ್ಜನ್ ಆದವರು.

ದಾವಣಗೆರೆಯಲ್ಲಿರುವ ಹಿರಿಯರಿಗೆ ಹೇಳಲು ನಮ್ಮ ದೇಶದ್ದೇ ಒಂದು ಹೆಸರಿದೆ. ಆಟ ಮಾತ್ರ ಕಾಲಿನಿಂದ ಆಡುವ ಫುಟ್‌ಬಾಲ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕರಾಗಿದ್ದ ನಾಗಾಲ್ಯಾಂಡ್‌ನ ತಾಲಿಮೆರೆನ್ ಆವೋ ಆಗ ಕಲ್ಕತ್ತಾದಲ್ಲಿ ಮೆಡಿಕಲ್ ಓದುತ್ತಿದ್ದರು, ಮೋಹನ್ ಬಾಗಾನ್‌ಗೆ ಆಡುತ್ತಿದ್ದರು. ಆಮೇಲೆ ಊರಿಗೆ ಮರಳಿ ಡಾಕ್ಟರಾಗಿಯೇ ಬದುಕಿದರು. ಫ್ರಾನ್ಸ್ ವಿರುದ್ಧದ ಆ ಪಂದ್ಯದಲ್ಲಿ ಭಾರತದ ಒಂದೇ ಗೋಲು ಹೊಡೆದದ್ದು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್.

ಇನ್ನು ತಲೆಯ ಏಟು. ನಿಮ್ಮ ನಿಜವಾದ ಭಯ ಇದೇ ಅಲ್ವಾ? ಭಯಕ್ಕೆ ಕಾರಣ ಇದೆ.

'ಸ್ಕ್ಯಾನ್ ನಾರ್ಮಲ್ ಬಂತು' ಎಂದು ಬರೆದಿದ್ದೀರಿ. ಸಿಟಿ ಸ್ಕ್ಯಾನ್ ನೋಡುವುದು ರಕ್ತಸ್ರಾವ ಇದೆಯಾ, ತಲೆಬುರುಡೆ ಬಿರಿದಿದೆಯಾ ಎಂದು. ಕನ್ಕಶನ್ ಅದರಲ್ಲಿ ಕಾಣುವುದೇ ಇಲ್ಲ. ಲಕ್ಷಣ ಕೇಳಿ, ಪರೀಕ್ಷೆ ಮಾಡಿ ಹೇಳಬೇಕು. ಒಳ್ಳೇ ಹೆಲ್ಮೆಟ್ ಇದ್ದರೆ ಕನ್ಕಶನ್ ಆಗುವುದಿಲ್ಲ ಎಂಬುದೂ ತಪ್ಪು. ಹೆಲ್ಮೆಟ್ ಕಾಪಾಡುವುದು ಬುರುಡೆಯನ್ನು. ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿ ಕೆಳಗೆ ಬಿದ್ದರೂ ಜಖಂ ಆಗದಿರಬಹುದು, ಒಳಗಿನ ಮೊಸರು ಒಡೆದೇ ಒಡೆಯುತ್ತದೆ. ತಲೆ ರಪ್ಪನೆ ತಿರುಗಿ ನಿಂತಾಗ ಒಳಗಿನ ಮೆದುಳು ತಿರುಚುತ್ತದೆ, ನರದ ಎಳೆಗಳು ಎಳೆದಾಡಿ ಹೋಗುತ್ತವೆ. ಇನ್ನೊಂದು ಹಳೇ ನಂಬಿಕೆ, ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸಬೇಕು ಎಂಬುದು. ಈಗ ನಾವು ಒಂದೆರಡು ದಿನ ಮಾತ್ರ ವಿಶ್ರಾಂತಿ ಹೇಳುತ್ತೇವೆ. ಆಮೇಲೆ ಹಗುರ ನಡಿಗೆ, ಓಟ, ಡಿಕ್ಕಿಯಿಲ್ಲದ ಅಭ್ಯಾಸ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮರಳಬೇಕು. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ಟೆಕ್ಸಾಸ್‌ನಲ್ಲಿ 2011ರಿಂದ ಕಾನೂನೇ ಇದೆ: ಕನ್ಕಶನ್ ಅನುಮಾನ ಬಂದ ವಿದ್ಯಾರ್ಥಿ ಆ ದಿನ ಮತ್ತೆ ಆಡುವಂತಿಲ್ಲ, ಡಾಕ್ಟರ್ ಬರಹದಲ್ಲಿ ಒಪ್ಪಿಗೆ ಕೊಡಬೇಕು. ಶುಕ್ರವಾರ ರಾತ್ರಿ ಪಂದ್ಯಗಳಿಗೆ ನಾನು ಮೈದಾನದ ಬದಿಯ ಡಾಕ್ಟರಾಗಿ ಹೋಗುತ್ತೇನೆ. ಆ ಕಾನೂನು ಇಲ್ಲದಿದ್ದರೆ ಎಷ್ಟೋ ಹುಡುಗರನ್ನು ತಡೆಯುವುದು ಕಷ್ಟವಾಗುತ್ತಿತ್ತು.

ಒಂದು ಕನ್ಕಶನ್ ಆಗಿ, ಪೂರ್ತಿ ವಾಸಿಯಾಗಿ, ಓದು, ನಿದ್ದೆ, ಸಿಟ್ಟು, ನೆನಪು ಎಲ್ಲ ಮೊದಲಿನಂತೆ ಇದ್ದರೆ, ಅದರಿಂದ ಸರ್ಜನ್ ಆಗುವ ದಾರಿ ಮುಚ್ಚುವುದಿಲ್ಲ. ನಮ್ಮ ಚಿಂತೆ ವರ್ಷಗಟ್ಟಲೆ ಬೀಳುವ ಸಣ್ಣಪುಟ್ಟ ಏಟುಗಳದ್ದು. ಲಕ್ಷಣವೇ ತೋರದ ಏಟುಗಳೂ ಲೆಕ್ಕಕ್ಕೆ ಬರುತ್ತವೆ. ಸಿಟಿಇ ಎಂಬ ಮೆದುಳಿನ ಕಾಯಿಲೆಯ ಹೆಸರು ನೀವು ಕೇಳಿರುತ್ತೀರಿ. ಟೌ ಎಂಬ ಪ್ರೋಟೀನ್ ಮೆದುಳಿನಲ್ಲಿ ಗಂಟುಗಂಟಾಗಿ ಸೇರಿಕೊಳ್ಳುತ್ತದೆ. ನೆನಪು, ನಡತೆ ಎರಡೂ ಕೆಡಬಹುದು. ಇದನ್ನು ಖಚಿತವಾಗಿ ಹೇಳಲು ಇವತ್ತಿಗೂ ಸತ್ತ ಮೇಲೆ ಮೆದುಳನ್ನು ಪರೀಕ್ಷಿಸಬೇಕು. ಬಾಸ್ಟನ್ ಯೂನಿವರ್ಸಿಟಿಯವರು 2017ರಲ್ಲಿ 202 ಮಾಜಿ ಆಟಗಾರರ ಮೆದುಳಿನ ವರದಿ ಕೊಟ್ಟರು. ಎನ್‌ಎಫ್‌ಎಲ್ ಆಡಿದ 111 ಜನರಲ್ಲಿ 110 ಮಂದಿಗೆ ಸಿಟಿಇ ಇತ್ತು. ಕಾಲೇಜು ಮಟ್ಟದವರಲ್ಲಿ 53ಕ್ಕೆ 48. ಹೈಸ್ಕೂಲಿಗೇ ನಿಲ್ಲಿಸಿದವರಲ್ಲಿ 14ಕ್ಕೆ 3.

ಈ ಅಂಕಿ ನೋಡಿ ನಿಮ್ಮ ಮನೆಯವರು ಆಟ ಬಿಡಿಸಬೇಕು ಅಂದಿದ್ದರೆ ತಪ್ಪೇನಿಲ್ಲ. ಆದರೆ ಒಂದು ಮಾತು ಸೇರಿಸಿಕೊಳ್ಳಿ. ಇವು ಮನೆಯವರು ದಾನ ಕೊಟ್ಟ ಮೆದುಳುಗಳು. ತೊಂದರೆ ಕಂಡ ಮನೆಯವರೇ ಜಾಸ್ತಿ ದಾನ ಕೊಡುತ್ತಾರೆ. ಆದ್ದರಿಂದ ಕಾಲೇಜಿನಲ್ಲಿ ಆಡಿದ ಹತ್ತರಲ್ಲಿ ಒಂಬತ್ತು ಜನರಿಗೆ ಈ ಕಾಯಿಲೆ ಬರುತ್ತದೆ ಎಂದು ಓದಬೇಡಿ. ಎಷ್ಟು ವರ್ಷ ಆಡಿದರು ಎಂಬುದಕ್ಕೂ ಕಾಯಿಲೆಗೂ ಗಟ್ಟಿ ಸಂಬಂಧ ಇದೆ ಎಂದು ಮಾತ್ರ ಧೈರ್ಯವಾಗಿ ಹೇಳಬಹುದು. ಒಂದೊಂದು ವರ್ಷವೂ ಲೆಕ್ಕ. ಸರ್ಜನ್ ಆದ ಆಟಗಾರರ ಹೆಸರುಗಳನ್ನು ನಾನು ಮೇಲೆ ಹೇಳಿದೆ. ಅವರಿಗೆ ಏನೂ ಆಗಲಿಲ್ಲ, ಇವನಿಗೂ ಆಗುವುದಿಲ್ಲ ಎಂದು ಅದರಿಂದ ತೀರ್ಮಾನಿಸಬಾರದು. ಏಟು ತಿಂದು ಓದು ನಿಲ್ಲಿಸಿದ ಹುಡುಗನ ಸುದ್ದಿ ಯಾರೂ ಬರೆಯುವುದಿಲ್ಲ.

ಮೆಡಿಕಲ್ ಸೀಟಿನ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಇಲ್ಲಿ ನಿಮ್ಮ ಭಯ ಅಗತ್ಯಕ್ಕಿಂತ ಜಾಸ್ತಿ. ಕಾಲೇಜು ಆಟವನ್ನು ಮೆಡಿಕಲ್ ಕಾಲೇಜುಗಳು ಸುಮ್ನೆ ಕಾಲಹರಣ ಎಂದು ನೋಡುವುದಿಲ್ಲ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯ ಕಿವಿ-ಮೂಗು-ಗಂಟಲು ವಿಭಾಗದವರು 2012ರಲ್ಲಿ ತಮ್ಮ ರೆಸಿಡೆಂಟ್‌ಗಳ ಬಗ್ಗೆ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ತಂಡದ ಆಟದಲ್ಲಿ ಮಿಂಚಿದವರು ಮುಂದೆ ಒಳ್ಳೇ ರೆಸಿಡೆಂಟ್ ಆಗುವುದು ಅದರಲ್ಲಿ ಕಂಡುಬಂತು. ನನ್ನ ಅನುಭವವೂ ಅದೇ. ರಾತ್ರಿ ಎರಡು ಗಂಟೆಗೆ ಬೈಸಿಕೊಂಡು, ಬೆಳಿಗ್ಗೆ ಆರಕ್ಕೆ ಮುಖ ಗಂಟಿಕ್ಕದೆ ಬರುವುದು ಇವರಿಗೆ ಮೊದಲೇ ರೂಢಿಯಾಗಿರುತ್ತದೆ. ಆದರೆ ಆಟ ಚೆನ್ನಾಗಿತ್ತು ಎಂದು ಯಾರೂ ಕೆಮಿಸ್ಟ್ರಿಯ ಸಿ ಗ್ರೇಡ್ ಮರೆಯುವುದಿಲ್ಲ. ಮಧ್ಯಾಹ್ನದ ಲ್ಯಾಬ್, ಮಧ್ಯಾಹ್ನದ ಪ್ರಾಕ್ಟೀಸ್ ಎರಡೂ ಒಂದೇ ಹೊತ್ತಿಗೆ ಬರುತ್ತವೆ, ಹುಡುಗರು ಸೋಲುವುದು ಹೆಚ್ಚಾಗಿ ಅಲ್ಲಿ. ಮೆಡಿಕಲ್ ಪ್ರವೇಶದ ಎಂಕ್ಯಾಟ್ ಪರೀಕ್ಷೆಗೆ ತಿಂಗಳುಗಟ್ಟಲೆ ಓದಬೇಕು. ಆಸ್ಪತ್ರೆಯಲ್ಲಿ ಓಡಾಡಿದ ಅನುಭವವೂ ಬೇಕು. ಡಿಗ್ರಿ ಮುಗಿಸಿ ಒಂದು ವರ್ಷ ಬಿಡುವು ತೆಗೆದುಕೊಂಡು ಇದನ್ನೆಲ್ಲ ಮಾಡಬಹುದು. ಈಗ ಮೆಡಿಕಲ್ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಾಗೆ ಬಿಡುವು ತೆಗೆದುಕೊಂಡೇ ಬರುತ್ತಾರೆ. ನಮ್ಮೂರಲ್ಲಿ ಪಿಯುಸಿ ಆದ ಕೂಡಲೇ ಮೆಡಿಕಲ್ ಸೇರುವುದನ್ನು ನೋಡಿದ ಕಣ್ಣಿಗೆ ಇದು ತಡ ಅನಿಸುತ್ತದೆ. ಇಲ್ಲಿ ತಡ ಅಲ್ಲ.

ಹಾಗಾದರೆ ಏನು ಮಾಡಬೇಕು? ವಾಕ್-ಆನ್ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅಂಥ ತಂಡಗಳಲ್ಲಿ ವಾಕ್-ಆನ್ ಹುಡುಗರು ಎಷ್ಟೋ ಸಲ ಮುಖ್ಯ ಆಟಗಾರರಿಗೆ ಅಭ್ಯಾಸ ಮಾಡಿಸಲು ವಾರವಿಡೀ ಡಿಕ್ಕಿ ತಿನ್ನುತ್ತಾರೆ, ಪಂದ್ಯದ ದಿನವಾದ ಶನಿವಾರ ಬೆಂಚಿನ ಮೇಲೆ ಕೂರುತ್ತಾರೆ. ಏಟು ಪೂರ್ತಿ, ಆಟ ಇಲ್ಲ, ಸ್ಕಾಲರ್‌ಶಿಪ್ ಇಲ್ಲ, ಲ್ಯಾಬ್‌ಗೆ ಸಮಯವೂ ಇಲ್ಲ. ಎನ್‌ಎಫ್‌ಎಲ್ ಆಸೆಗೆ ಅಲ್ಲಿಗೆ ಹೋಗುವುದಾದರೆ, ಕಾಲೇಜು ಆಟಗಾರರಲ್ಲಿ ಅಲ್ಲಿ ತನಕ ಮುಟ್ಟುವವರು ನೂರಕ್ಕೆ ಇಬ್ಬರೂ ಇಲ್ಲ.

ಡಿವಿಷನ್ ಥ್ರೀ ಬೇರೆ ಮಾತು. ಆಟಕ್ಕೆಂದು ಸ್ಕಾಲರ್‌ಶಿಪ್ ಇಲ್ಲ, ಹಾಗಾಗಿ ಆಟ ಬಿಟ್ಟರೂ ಕಾಲೇಜಿನ ಖರ್ಚು ಏರುಪೇರಾಗುವುದಿಲ್ಲ. ಬಿಡುವ ಸ್ವಾತಂತ್ರ್ಯ ಹುಡುಗನ ಕೈಯಲ್ಲೇ ಇರುತ್ತದೆ. ನನಗೆ ಇದೇ ದೊಡ್ಡ ಲಾಭ ಅನಿಸುತ್ತದೆ. ಜಾನ್ಸ್ ಹಾಪ್‌ಕಿನ್ಸ್, ಶಿಕಾಗೊ, ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿ ಇವೆಲ್ಲ ಫುಟ್‌ಬಾಲ್‌ನಲ್ಲಿ ಡಿವಿಷನ್ ಥ್ರೀಯವೇ. ಓದಿನಲ್ಲಿ ಯಾರಿಗೂ ಕಡಿಮೆ ಇಲ್ಲ. ತಲೆಗೆ ಅಪಾಯ ಇಲ್ಲಿಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕರೆಯುತ್ತಿರುವ ಕೋಚ್‌ಗಳಿಗೆ ನೇರವಾಗಿ ಕೇಳಿ: ವಾರದಲ್ಲಿ ಎಷ್ಟು ದಿನ ಪೂರ್ತಿ ಟ್ಯಾಕಲ್ (ಎದುರಾಳಿಯನ್ನು ಹಿಡಿದು ಕೆಡವುವ) ಅಭ್ಯಾಸ? ಹಾರ್ವರ್ಡ್‌ನಂಥ ಐವಿ ಲೀಗ್ ಕಾಲೇಜುಗಳು 2016ರಲ್ಲೇ ಸೀಸನ್ ಅಭ್ಯಾಸದಿಂದ ಅದನ್ನು ತೆಗೆದುಹಾಕಿವೆ, ಅಂದರೆ ಇಲ್ಲದೆಯೂ ನಡೆಯುತ್ತದೆ. ಏಟು ಬಿದ್ದವನು ಆಡಬಹುದಾ ಎಂದು ಹೇಳುವವರು ಯಾರು, ಕೋಚಾ, ಕೋಚ್ ಮಾತಿಗೆ ಬಗ್ಗದ ಡಾಕ್ಟರಾ? ಲ್ಯಾಬ್ ಇದ್ದ ದಿನ ತಡವಾಗಿ ಬಂದರೆ ಜಾಗ ಹೋಗುತ್ತದಾ? ಮೂರನೇ ಪ್ರಶ್ನೆಗೆ ಕೋಚ್ ತಡವರಿಸಿದರೆ ಆ ಕಾಲೇಜು ಬೇಡ.

ನನ್ನ ಷರತ್ತುಗಳು ಹೀಗಿವೆ. ಸೀಸನ್‌ಗೆ ಮುಂಚೆ ನೆನಪು, ಗಮನ, ಸಮತೋಲನದ ಬೇಸ್‌ಲೈನ್ (ಆರೋಗ್ಯವಾಗಿದ್ದಾಗಿನ ಮಟ್ಟ ತಿಳಿಯುವ) ಪರೀಕ್ಷೆ ಆಗಿರಬೇಕು. ಇನ್ನೊಂದು ಕನ್ಕಶನ್ ಆದರೆ, ವಿಶೇಷವಾಗಿ ಸಣ್ಣ ಏಟಿಗೇ ಆದರೆ ಅಥವಾ ವಾಸಿಯಾಗಲು ಮೊದಲಿಗಿಂತ ಜಾಸ್ತಿ ದಿನ ಹಿಡಿದರೆ, ಆಟ ಅಲ್ಲಿಗೆ ನಿಲ್ಲಬೇಕು. ಟ್ಯಾಕಲ್ ಮಾಡಿದಾಗ ಭುಜದಿಂದ ಕೈಗೆ ಉರಿ ಹರಿದು ತೋಳು ಸೋತಂತಾದರೆ ಅದು ಕತ್ತಿನ ನರದ ಎಳೆತ. ಮರುಕಳಿಸಿದರೆ ಅದೂ ನಿಲ್ಲಿಸುವ ಕಾರಣವೇ. ಇವನ್ನು ಈಗಲೇ, ಎಲ್ಲರೂ ತಣ್ಣಗಿರುವಾಗ, ಬರೆದಿಡಿ. ಸೀಸನ್ ಮಧ್ಯೆ ಯಾವ ಹುಡುಗನೂ ಒಪ್ಪುವುದಿಲ್ಲ.

ಈಗಲೇ ಪೂರ್ತಿ ಬಿಡುವುದೂ ಒಳ್ಳೇ ಆಯ್ಕೆಯೇ. ಮೆದುಳಿನ ದೃಷ್ಟಿಯಿಂದ ಅದೇ ಅತಿ ಸುರಕ್ಷಿತ. ಆಟದ ಹತ್ತಿರ ಇರಬೇಕು ಎಂದಿದ್ದರೆ ಆಟಗಾರರ ಪೆಟ್ಟು ನೋಡಿಕೊಳ್ಳುವ ತಂಡದ ಅಥ್ಲೆಟಿಕ್ ಟ್ರೇನರ್ ಜೊತೆ ಕೆಲಸ ಮಾಡಬಹುದು. ಮೆಡಿಕಲ್ ಅರ್ಜಿಗೂ ಅದು ಸಹಾಯ. ಆದರೆ ಆ ತೀರ್ಮಾನ ಅವನದಾಗಿರಬೇಕು. ಕೆಲವೇ ತಿಂಗಳಲ್ಲಿ ಅವನಿಗೆ 18 ತುಂಬುತ್ತದೆ, ಆಮೇಲೆ ಒಪ್ಪಿಗೆಯ ಸಹಿ ಅವನೇ ಹಾಕುತ್ತಾನೆ.

ನಿಮ್ಮ ಯಜಮಾನರಿಗೆ ಒಂದು ಮಾತು. 'ಇನ್ನೊಂದು ಏಟು ಬಿದ್ದರೆ ಆಟ ಬಂದ್' ಎಂದು ಮನೆಯಲ್ಲಿ ಗದರಿಸಿದ ಹುಡುಗರು ಏಟನ್ನೇ ಮುಚ್ಚಿಡುತ್ತಾರೆ. ಮೈದಾನದ ಬದಿಯಲ್ಲಿ ನಾನು ಜಾಸ್ತಿ ಕಂಡಿರುವುದು ಇದನ್ನೇ. ತಲೆ ಸಿಡಿಯುತ್ತಿದ್ದರೂ ನಗುತ್ತಾ ನಿಂತಿರುತ್ತಾರೆ. ಮೊದಲ ಏಟು ಮಾಗುವ ಮುಂಚೆ ಎರಡನೆಯದು ಬಿದ್ದರೆ, ಅಪರೂಪಕ್ಕೆ ಆದರೂ, ಮೆದುಳು ಊದಿ ಪ್ರಾಣಕ್ಕೇ ಬರಬಹುದು. ಅದಕ್ಕೇ ನಾನು ಮೇಲೆ ಹೇಳಿದ ಷರತ್ತುಗಳನ್ನು ಅವನನ್ನು ಕೂರಿಸಿಕೊಂಡು, ಅವನ ಒಪ್ಪಿಗೆ ಪಡೆದೇ ಬರೆಯಿರಿ. ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿ. ಬೈಯುವುದಿಲ್ಲ ಎಂದು ಮಾತು ಕೊಟ್ಟು ಕೇಳಿ: ಹೋದ ವರ್ಷದ್ದು ಬಿಟ್ಟು, ತಲೆ ಗಿರ್ರೆಂದ, ಕಣ್ಣು ಕತ್ತಲೆ ಬಂದ, ಆಮೇಲೆ ಯಾರಿಗೂ ಹೇಳದ ದಿನ ಇನ್ಯಾವುದಾದರೂ ಇತ್ತಾ? ಇತ್ತು ಅಂದರೆ ಡಿವಿಷನ್ ಥ್ರೀ ಬಗ್ಗೆ ನಾನು ಕೊಟ್ಟ ಸಲಹೆ ಬದಲಾಗುತ್ತದೆ. ಆಗ ಮೊದಲು ಕನ್ಕಶನ್ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ, ಕಾಲೇಜಿಗೆ ಉತ್ತರ ಆಮೇಲೆ ಕೊಡಿ.